ಭಾರದ ಲಾರಿಯನ್ನು ಅಳಿಸುವ ಮುನ್ನ

ಓಡುವ ಲಾರಿಗಳನ್ನು ತೂಗುವ ರಸ್ತೆ ಸೆನ್ಸರ್‌ಗಳ ದತ್ತಾಂಶವನ್ನು ‘ಶುಚಿ’ ಮಾಡುವವರಲ್ಲಿ ಒಂದು ಚಾಳಿ ಬೇರೂರಿದೆ. ಮಿತಿಗಿಂತ ಬಹಳ ಹೆಚ್ಚು ತೂಕದ ದಾಖಲೆ ಕಂಡರೆ ಸಾಕು, ‘ಸೆನ್ಸರ್ ದೋಷ’ ಎಂದು ಹಣೆಪಟ್ಟಿ ಹಚ್ಚಿ ಅಳಿಸಿಬಿಡುತ್ತಾರೆ. ನನಗೆ ಮೈ ಉರಿಯುವುದು ಇಲ್ಲಿಯೇ.

ರಸ್ತೆಯನ್ನು ಹಾಳುಗೆಡವುವುದರಲ್ಲಿ ಆ ಲಾರಿಗಳದ್ದೇ ಸಿಂಹಪಾಲು. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವಾ ಬಳಿ, ಪರೀಕ್ಷೆಗೆಂದೇ ಕಟ್ಟಿದ ರಸ್ತೆಗಳ ಮೇಲೆ ಲಾರಿಗಳನ್ನು ಓಡಿಸಿ ನೋಡಿದರು. ಅದರಿಂದ ಹುಟ್ಟಿದ ಸ್ಥೂಲ ಸೂತ್ರದ ಪ್ರಕಾರ, ಹಾನಿ ಆಕ್ಸಲ್ (ಎಡ-ಬಲ ಚಕ್ರಗಳನ್ನು ಜೋಡಿಸುವ ಅಚ್ಚು) ಭಾರದ ನಾಲ್ಕನೇ ಘಾತದಂತೆ ಏರುತ್ತದೆ. ಭಾರ ಇಮ್ಮಡಿಯಾದರೆ ಹಾನಿ 16 ಪಟ್ಟು. ಸೆನ್ಸರ್ ಸದಾ ಶೇ 10ರಷ್ಟು ಹೆಚ್ಚು ತೋರಿಸುತ್ತಿದ್ದರೆ ಹಾನಿಯ ಅಂದಾಜು ಶೇ 46ರಷ್ಟು ಉಬ್ಬುತ್ತದೆ. ಶೇ 10ರಷ್ಟು ಕಡಿಮೆ ತೋರಿಸಿದರೆ ಮೂರನೇ ಒಂದು ಪಾಲು ಮಾಯವಾಗುತ್ತದೆ.

ಬಿಡಿ ಲಾರಿಯ ತೂಕ ತಪ್ಪುವುದು ಸಹಜ. ಓಡುವ ಲಾರಿ ಸ್ಪ್ರಿಂಗ್ ಮೇಲೆ ಕುಪ್ಪಳಿಸುತ್ತಿರುತ್ತದೆ, ಟೈರು ಸೆನ್ಸರ್ ಪಟ್ಟಿಯ ಮೇಲಿರುವುದು ಕೆಲವೇ ಮಿಲಿಸೆಕೆಂಡು. ಅಮೆರಿಕದ ಎಎಸ್‌ಟಿಎಂ ಇ1318 ಮಾನದಂಡವೇ ಮೊದಲ ವರ್ಗದ ಉಪಕರಣಕ್ಕೆ ಒಟ್ಟು ತೂಕದಲ್ಲಿ ಶೇ 10, ಒಂಟಿ ಆಕ್ಸಲ್‌ನಲ್ಲಿ ಶೇ 20ರವರೆಗಿನ ವ್ಯತ್ಯಾಸವನ್ನು ಒಪ್ಪುತ್ತದೆ. ನನ್ನ ತಕರಾರು ಅದರ ಮೇಲಲ್ಲ. ಎಲ್ಲ ಲಾರಿಗಳನ್ನೂ ಒಂದೇ ದಿಕ್ಕಿಗೆ ಎಳೆಯುವ ದೋಷವನ್ನು ಹಿಡಿಯಬೇಕು, ಅದು ಬಿಡಿ ದಾಖಲೆಗಳನ್ನು ಅಳಿಸುವುದರಿಂದ ಸಿಗುವುದಿಲ್ಲ.

ಸಿಗುವುದು ಗುಂಪಿನ ನಡತೆಯಲ್ಲಿ. ಐದು ಆಕ್ಸಲ್‌ಗಳ ಟ್ರೇಲರ್ ಲಾರಿಯಲ್ಲಿ ಸರಕಿನ ಭಾರ ಬಹುಪಾಲು ಹಿಂದಿನ ಆಕ್ಸಲ್‌ಗಳ ಮೇಲೆ ಬೀಳುತ್ತದೆ, ಮುಂದಿನ ಆಕ್ಸಲ್‌ನ ತೂಕ ಹೆಚ್ಚು ಬದಲಾಗುವುದಿಲ್ಲ. ಅದರ ಸರಾಸರಿಯನ್ನು ಗಂಟೆವಾರು ಬಿಡಿಸಿ ನೋಡಿ. ನಡುಹಗಲಲ್ಲಿ ಏರಿ ರಾತ್ರಿ ಇಳಿಯುತ್ತಿದ್ದರೆ ತಾಪಮಾನವನ್ನು ಶಂಕಿಸಿ. ಒತ್ತಿದಾಗ ವಿದ್ಯುತ್ ಹೊಮ್ಮಿಸುವ ಪ್ಲಾಸ್ಟಿಕ್‌ನಿಂದಾದ ಪಾಲಿಮರ್ ಪೀಜೋ ಸೆನ್ಸರ್‌ಗಳಿಗೆ ಈ ಕಾಯಿಲೆ ಜಾಸ್ತಿ. ಬಿಸಿಲೇರಿದಂತೆ ಲಾರಿಗಳೇನೂ ದಪ್ಪಗಾಗುವುದಿಲ್ಲವಲ್ಲ! ಯಾವ ತೂಕದ ಲಾರಿಗಳು ಎಷ್ಟು ಎಂದು ತೋರಿಸುವ ಒಟ್ಟು ತೂಕದ ನಕ್ಷೆಯಲ್ಲಿ ಸಾಮಾನ್ಯವಾಗಿ ಎರಡು ಶಿಖರಗಳಿರುತ್ತವೆ: ಖಾಲಿ ಲಾರಿಗಳದ್ದೊಂದು, ತುಂಬಿದವುಗಳದ್ದೊಂದು. ಎರಡೂ ಒಟ್ಟಿಗೆ ಬಲಕ್ಕೆ, ಅಂದರೆ ಹೆಚ್ಚಿನ ತೂಕದತ್ತ, ಸರಿದಿದ್ದರೆ ಸೆನ್ಸರ್‌ನ ಅಳತೆ ಜಾರಿದೆ. ತುಂಬಿದ ಶಿಖರ ಮಾತ್ರ ಚದುರಿದ್ದರೆ ಸಾಗಿಸುವ ಸರಕೇ ಬದಲಾಗಿರಬಹುದು.

ಆಕ್ಸಲ್‌ಗಳ ನಡುವಿನ ಅಂತರವನ್ನೂ ಮರೆಯಬೇಡಿ. ಎಂಜಿನ್ ಎಳೆಯುವ ಜೋಡಿ ಆಕ್ಸಲ್‌ಗಳ ನಡುವೆ ಸುಮಾರು 1.3 ಮೀಟರ್ ಇರುತ್ತದೆ. ವೇಗದಿಂದ ಲೆಕ್ಕ ಹಾಕುವ ಆ ಅಂತರವೇ ತಪ್ಪಾಗಿ ಬರುತ್ತಿದ್ದರೆ ವೇಗದ ಅಳತೆ ಕೆಟ್ಟಿದೆ. ಕಿರಿದಾದ ಪಟ್ಟಿ ಸೆನ್ಸರ್‌ಗಳಲ್ಲಿ ತೂಕದ ಲೆಕ್ಕಕ್ಕೆ ವೇಗವೂ ಬೇಕು, ಹಾಗಾಗಿ ತೂಕವೂ ಕೆಟ್ಟಿತೆಂದೇ ಅರ್ಥ.

ಇನ್ನು ಸ್ವಯಂ ಕ್ಯಾಲಿಬ್ರೇಷನ್ ಎಂಬ ಜಾಣತನ. ಮುಂದಿನ ಆಕ್ಸಲ್‌ನ ಸರಾಸರಿ ಇಷ್ಟೇ ಇರಬೇಕು ಎಂದು ಯಂತ್ರಕ್ಕೆ ಹೇಳಿಟ್ಟರೆ, ಅದು ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ. ಆಮೇಲೆ ಅದೇ ಸರಾಸರಿಯನ್ನು ತೋರಿಸಿ ‘ನೋಡಿ, ಸರಿಯಾಗಿದೆ’ ಎನ್ನುವುದು, ಪರೀಕ್ಷೆ ಬರೆದವನೇ ತನ್ನ ಉತ್ತರಪತ್ರಿಕೆಗೆ ಅಂಕ ಕೊಟ್ಟುಕೊಂಡಂತೆ. ತೂಕ ಗೊತ್ತಿರುವ ಲಾರಿಯನ್ನು ಆಗಾಗ ಓಡಿಸಿ ನೋಡದೆ ಬೇರೆ ದಾರಿಯಿಲ್ಲ. ಖರ್ಚಾಗುತ್ತದೆ, ಆಗಲಿ.

ಭಾರೀ ತೂಕದ ದಾಖಲೆ ಬಂದಾಗ ಎಡ-ಬಲ ಚಕ್ರಗಳ ತೂಕ ಹೊಂದುತ್ತದೆಯೇ, ಆಕ್ಸಲ್ ಅಂತರ ಸರಿಯಿದೆಯೇ, ಹಿಂದೆ ಮುಂದೆ ಹೋದ ಲಾರಿಗಳ ತೂಕ ಸಹಜವಾಗಿದೆಯೇ ನೋಡಿ. ಎಲ್ಲವೂ ಸರಿಯಿದ್ದರೆ ಆ ಲಾರಿ ನಿಜವಾಗಿಯೂ ಅಷ್ಟು ಭಾರವಿತ್ತೆಂದು ನಂಬಿ. ಅನುಮಾನ ಉಳಿದರೆ ಗುರುತು ಹಾಕಿ, ಕಾರಣ ಬರೆದಿಡಿ. ಮೂಲ ದಾಖಲೆಯನ್ನು ಮಾತ್ರ ಮುಟ್ಟಬೇಡಿ. ಜೊತೆಗೆ ಸೆನ್ಸರನ್ನು ಕೊನೆಯ ಬಾರಿ ಪರೀಕ್ಷಿಸಿದ ದಿನಾಂಕವನ್ನೂ ಪ್ರತಿ ಕಡತದಲ್ಲಿ ನಮೂದಿಸಿ.