ಸೂರ್ಯನ ಅಲೆ ಇಲ್ಲಿಗೆ ಬರುವುದಿಲ್ಲ, ಆದರೆ ಮನೆಯಿಂದಲೇ ಅಳೆಯಬಹುದು

‘ಸೂರ್ಯನಲ್ಲಿ ಸುನಾಮಿ’ ಎಂಬ ಸುದ್ದಿ ಬಂದಾಗಲೆಲ್ಲ ಜನ ಕೇಳುವ ಮೊದಲ ಪ್ರಶ್ನೆ, ಅದು ನಮ್ಮನ್ನು ಯಾವಾಗ ತಲುಪುತ್ತದೆ ಅಂತ. ತಲುಪುವುದಿಲ್ಲ. ಆ ಅಲೆ ಸೂರ್ಯನಲ್ಲೇ ಹುಟ್ಟಿ, ಸುಮಾರು ಒಂದು ಗಂಟೆ ಓಡಿ, ಅಲ್ಲೇ ಕರಗಿಹೋಗುತ್ತದೆ. ಭೂಮಿಯ ಕಡೆ ಬರಬಹುದಾದದ್ದು ಅದನ್ನು ಎಬ್ಬಿಸಿದ ಸ್ಫೋಟದಿಂದ ಹೊರಚಿಮ್ಮುವ ಪ್ಲಾಸ್ಮಾ ಮೋಡ, ಅಂದರೆ ಸಿಎಂಇ. ಇವೆರಡನ್ನೂ ಒಂದೇ ಎಂಬಂತೆ ಬರೆಯುವುದನ್ನು ನಾವು ಒಪ್ಪುವುದಿಲ್ಲ. ಹೆದರಿಕೆ ಹೋಗಿ ಸಲ್ಲದ ಜಾಗಕ್ಕೆ ಅಂಟಿಕೊಳ್ಳುತ್ತದೆ, ಯಾರು ಬೇಕಾದರೂ ಕೂತು ಅಳೆಯಬಹುದಾದ ಒಂದು ಅದ್ಭುತ ಕೈತಪ್ಪುತ್ತದೆ.

‘ಮೇಲ್ಮೈ’ ಎಂಬ ಪದದಲ್ಲೂ ಎಚ್ಚರ ಬೇಕು. ಅಲೆ ಓಡುವುದು ಹತ್ತು ಲಕ್ಷ ಡಿಗ್ರಿಗೂ ಮೇಲೆ ಕಾದಿರುವ ಕರೋನಾದಲ್ಲಿ, ಅಂದರೆ ಸೂರ್ಯನ ಹೊರ ವಾತಾವರಣದಲ್ಲಿ. ಅದರ ಬುಡ ಮಾತ್ರ ಕೆಳಗಿನ ತೆಳು ಪದರವಾದ ವರ್ಣಗೋಳವನ್ನು ಒತ್ತುತ್ತ ಸಾಗುತ್ತದೆ. ಮೊದಲು ಸಿಕ್ಕಿದ್ದು ಆ ಒತ್ತಿನ ಗುರುತೇ. 1960ರ ಸುಮಾರಿಗೆ ಕ್ಯಾಲಿಫೋರ್ನಿಯಾದ ಲಾಕ್‌ಹೀಡ್ ವೀಕ್ಷಣಾಲಯದಲ್ಲಿ ಗೇಲ್ ಮೋರ್ಟನ್ ಎಚ್-ಆಲ್ಫಾ ಎಂಬ ಹೈಡ್ರೋಜನ್ನಿನ ಕೆಂಪು ಬೆಳಕಿನಲ್ಲಿ ಸಾಲಾಗಿ ತೆಗೆದ ಚಿತ್ರಗಳಲ್ಲಿ ಅದನ್ನು ಕಂಡರು. ವೇಗ ಸೆಕೆಂಡಿಗೆ ಸುಮಾರು 1,000 ಕಿ.ಮೀ. ಅಷ್ಟು ವೇಗದ ಅಲೆ ವರ್ಣಗೋಳದ್ದೇ ಆಗಿದ್ದರೆ ಹುಟ್ಟಿದ ಜಾಗದಲ್ಲೇ ಸತ್ತುಹೋಗಬೇಕಿತ್ತು. 1968ರಲ್ಲಿ ಜಪಾನಿನ ವಿಜ್ಞಾನಿ ಯುಚಿದಾ ಈ ಗಂಟು ಬಿಡಿಸಿದರು: ಆಘಾತ ತರಂಗ ಇರುವುದು ಮೇಲೆ ಕರೋನಾದಲ್ಲಿ, ನಾವು ನೋಡುತ್ತಿರುವುದು ನೆಲಕ್ಕೆ ತಾಗುವ ಅದರ ಸೆರಗು.

ಆ ಸೆರಗು ಒಂದು ಸೌರ ತಂತುವಿಗೆ, ಅಂದರೆ ಕರೋನಾದಲ್ಲಿ ತೇಲುವ ತಣ್ಣನೆಯ ಪ್ಲಾಸ್ಮಾದ ಎಳೆಗೆ, ತಾಗುವುದನ್ನು ನೋಡಬೇಕು. ಕಪ್ಪು ದಾರದಂತೆ ಬಿದ್ದಿದ್ದ ತಂತು ಇದ್ದಕ್ಕಿದ್ದಂತೆ ಮಾಯ, ಕೆಲವು ನಿಮಿಷ ಬಿಟ್ಟು ಮತ್ತೆ ಅದೇ ಜಾಗದಲ್ಲಿ ಹಾಜರ್. ಅದು ಎಲ್ಲೂ ಹೋಗಿರುವುದಿಲ್ಲ, ಅಲೆಯ ಏಟಿಗೆ ಮೇಲೆ ಕೆಳಗೆ ತೂಗುತ್ತಿರುತ್ತದೆ. ಸೆಕೆಂಡಿಗೆ 20 ಕಿ.ಮೀ. ವೇಗದಲ್ಲಿ ತೂಗಿದರೂ ಡಾಪ್ಲರ್ ಪಲ್ಲಟದಿಂದ, ಅಂದರೆ ಚಲನೆಯಿಂದ ತರಂಗಾಂತರ ಬದಲಾಗುವುದರಿಂದ, ಎಚ್-ಆಲ್ಫಾದ 6,563 ಆಂಗ್‌ಸ್ಟ್ರಾಂ ರೇಖೆ 0.44 ಆಂಗ್‌ಸ್ಟ್ರಾಂ ಸರಿದುಬಿಡುತ್ತದೆ. ಅರ್ಧ ಆಂಗ್‌ಸ್ಟ್ರಾಂ ಅಗಲದ ಫಿಲ್ಟರಿನಿಂದ ಆಚೆ ಬೀಳಲು ಅಷ್ಟು ಸಾಕು.

ಕರೋನಾದ ಅಲೆಯನ್ನೇ ಸ್ಪಷ್ಟವಾಗಿ ತೋರಿಸಿದ್ದು ಸೂರ್ಯನನ್ನು ನೋಡುವ ಸೋಹೋ ನೌಕೆಯ ಇಐಟಿ ಕ್ಯಾಮೆರಾ, 1997ರ ಮೇ 12ರಂದು. ಆದರೆ ಅದರ ಎರಡು ಚಿತ್ರಗಳ ನಡುವೆ ಹತ್ತು ನಿಮಿಷಕ್ಕೂ ಹೆಚ್ಚು ಅಂತರ. ಸೆಕೆಂಡಿಗೆ 250 ಕಿ.ಮೀ. ಓಡುವ ಅಲೆ ಅಷ್ಟರಲ್ಲಿ ಒಂದೂವರೆ ಲಕ್ಷ ಕಿ.ಮೀ. ದಾಟಿರುತ್ತದೆ. ಹಾಗಾಗಿ ಇದು ನಿಜವಾಗಿ ಅಲೆಯೋ, ಉಬ್ಬುತ್ತಿರುವ ಸಿಎಂಇಯ ಅಂಚಿನಲ್ಲಿ ಒತ್ತಿಕೊಂಡ ಪ್ಲಾಸ್ಮಾವೋ ಎಂಬ ಜಗಳ ವರ್ಷಗಟ್ಟಲೆ ನಡೆಯಿತು. 2009ರ ಫೆಬ್ರವರಿ 13ರಂದು ಎರಡು ಸ್ಟೀರಿಯೋ ನೌಕೆಗಳು 90 ಡಿಗ್ರಿ ಅಂತರದಲ್ಲಿದ್ದವು. ಒಂದಕ್ಕೆ ಸ್ಫೋಟ ನೇರ ಎದುರಿಗೆ, ಇನ್ನೊಂದಕ್ಕೆ ಅಂಚಿನಲ್ಲಿ. ಹೀಗೆ ಎರಡು ಕಡೆಯಿಂದ ನೋಡಿ ಅಳೆದಾಗ ಅಲೆಯ ಎತ್ತರ ಸುಮಾರು ಒಂದು ಲಕ್ಷ ಕಿ.ಮೀ., ವೇಗ ಸೆಕೆಂಡಿಗೆ 250 ಕಿ.ಮೀ. ಅದಕ್ಕೂ ಮೊದಲೇ, 2007ರ ಮೇ 19ರ ಅಲೆ ಕರೋನಾ ರಂಧ್ರಕ್ಕೆ (ಕರೋನಾದಲ್ಲಿ ಪ್ಲಾಸ್ಮಾ ವಿರಳವಾಗಿ ಕಪ್ಪಾಗಿ ಕಾಣುವ ಜಾಗಕ್ಕೆ) ಬಡಿದು ಹಿಂದಿರುಗಿದ್ದು ಕಂಡಿತ್ತು. ಪ್ರತಿಫಲಿಸುವುದು ಅಲೆಯ ಗುಣ. ಹೊರಗಡೆ ಓಡುವ ನಿಜವಾದ ಅಲೆ, ಅದರ ಹಿಂದೆ ನಿಧಾನವಾಗಿ ಹಿಗ್ಗುವ ಸಿಎಂಇ ಅಂಚು, ಎರಡೂ ಇವೆ ಎಂಬ ವಾದವೇ ನಮಗೆ ಸರಿ ಕಾಣುತ್ತದೆ.

ಈಗ ಅಳೆಯುವ ಕೆಲಸ. ಸೂರ್ಯನ ಚಿತ್ರಗಳನ್ನು ನೋಡುವ ಜೆಹೀಲಿಯೊವ್ಯೂವರ್ ತಂತ್ರಾಂಶ ಉಚಿತ. ಎಸ್‌ಡಿಒ ನೌಕೆಯ ಎಐಎ ಕ್ಯಾಮೆರಾದ ಚಿತ್ರಗಳಲ್ಲಿ ಕರೋನಾ ಕಾಣುವ 193 ಆಂಗ್‌ಸ್ಟ್ರಾಂ ಆರಿಸಿ. ಅಭ್ಯಾಸಕ್ಕೆ 2011ರ ಫೆಬ್ರವರಿ 15ರ ಎಕ್ಸ್2.2 ದರ್ಜೆಯ ಸೌರ ಜ್ವಾಲೆ ಒಳ್ಳೆಯದು, ಏಕೆಂದರೆ ಅದು ಬಿಂಬದ ನಡುಭಾಗಕ್ಕೆ ಹತ್ತಿರ. ಜ್ವಾಲೆ ತಾರಕಕ್ಕೇರಿದ್ದು 01:56 ಯುಟಿ (ವಿಶ್ವ ಸಮಯ), ಅಂದರೆ ನಮ್ಮ ಬೆಳಗಿನ 7:26. ಇಲ್ಲಿ ಐದೂವರೆ ಗಂಟೆ ಮರೆತು ಖಾಲಿ ಸೂರ್ಯನನ್ನು ನೋಡುತ್ತ ಕೂರುವವರು ಬಹಳ. 01:40ರಿಂದ 02:30ರವರೆಗೆ ತೆಗೆದುಕೊಳ್ಳಿ. ಬರೀ ಚಿತ್ರದಲ್ಲಿ ಅಲೆ ಹೆಚ್ಚುಕಡಿಮೆ ಕಾಣುವುದೇ ಇಲ್ಲ, ಒಂದರಿಂದ ಇನ್ನೊಂದನ್ನು ಕಳೆಯಬೇಕು. ಪ್ರತಿ ಚಿತ್ರದಿಂದ ಅದರ ಹಿಂದಿನದನ್ನು ಕಳೆದರೆ ಅಲೆ ಎದ್ದು ಕಾಣುತ್ತದೆ, ಆದರೆ ಅದರ ಬೆನ್ನಿಗೆ ಒಂದು ಕಪ್ಪು ಪಟ್ಟಿಯೂ ಮೂಡುತ್ತದೆ. ಅದು ಸೂರ್ಯನಲ್ಲಿಲ್ಲ, ಕಳೆಯುವ ಲೆಕ್ಕದಲ್ಲಿದೆ. ಅಲೆ ಬಿಟ್ಟುಹೋದ ಜಾಗ ಮೊದಲಿನ ಹೊಳಪಿಗೆ ಮರಳಿದ್ದೇ ಹಾಗೆ ತೋರುತ್ತದೆ. ಆದ್ದರಿಂದ ಎಲ್ಲ ಚಿತ್ರಗಳಿಂದಲೂ 01:40ರ ಒಂದೇ ಚಿತ್ರವನ್ನು ಕಳೆದು ಇನ್ನೊಮ್ಮೆ ನೋಡಿ. ಅದರಲ್ಲೂ ಉಳಿಯುವ ಕಪ್ಪು ನಿಜವಾದದ್ದು, ಸಿಎಂಇ ಹೊತ್ತೊಯ್ದ ಪ್ಲಾಸ್ಮಾದ ಖಾಲಿ ಜಾಗ. ಇದರಲ್ಲೂ ಒಂದು ಕಾಟವಿದೆ. ಗಂಟೆಗೆ ಸೂರ್ಯ ಅರ್ಧ ಡಿಗ್ರಿಗೂ ಮಿಗಿಲಾಗಿ ತಿರುಗುತ್ತಾನೆ, ಬಿಂಬದ ನಡುವೆ ಅದು ಸುಮಾರು 15 ಪಿಕ್ಸೆಲ್. ಪ್ರತಿ ಹೊಳೆಯುವ ಚುಕ್ಕಿಯ ಪಕ್ಕದಲ್ಲೂ ಕಪ್ಪು ಬಿಳಿ ಜೋಡಿ ಹುಟ್ಟುತ್ತದೆ, ಅದನ್ನು ಅಲೆ ಎಂದುಕೊಳ್ಳಬೇಡಿ.

ದೂರವನ್ನು ಚಪ್ಪಟೆ ಚಿತ್ರದ ಮೇಲೆ ಸ್ಕೇಲಿಟ್ಟು ಅಳೆದರೆ ಅಂಚಿಗೆ ಹೋದಂತೆ ವೇಗ ಸುಳ್ಳುಸುಳ್ಳೇ ಇಳಿಯುತ್ತದೆ. ಗೋಳದ ಮೇಲೆ ಡಿಗ್ರಿಯಲ್ಲಿ ಅಳೆಯಿರಿ: 1 ಡಿಗ್ರಿಗೆ ಸುಮಾರು 12,150 ಕಿ.ಮೀ. ನಿಮಿಷಕ್ಕೆ ಒಂದೂವರೆ ಡಿಗ್ರಿ ಸರಿದರೆ ಸೆಕೆಂಡಿಗೆ 300 ಕಿ.ಮೀ.

ಆ 300ರಿಂದ ಕರೋನಾದ ಕಾಂತಕ್ಷೇತ್ರ ಸಿಗುತ್ತದೆ, ನಮ್ಮ ಮಟ್ಟಿಗೆ ಈ ಅಲೆಯ ದೊಡ್ಡ ಬೆಲೆ ಇದೇ. ಆ ಬಿಸಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 180 ಕಿ.ಮೀ. ಅಲೆಯ ವೇಗದ ವರ್ಗ ಎಂದರೆ ಶಬ್ದದ ವೇಗದ ವರ್ಗ ಮತ್ತು ಕಾಂತಕ್ಷೇತ್ರ ಕೊಡುವ ವೇಗದ ವರ್ಗ ಸೇರಿದ್ದು. 300ರ ವರ್ಗದಿಂದ 180ರ ವರ್ಗ ಕಳೆದು ಮೂಲ ತೆಗೆದರೆ 240, ಅದು ಕಾಂತಕ್ಷೇತ್ರದ ಪಾಲು. ಘನ ಸೆಂಟಿಮೀಟರಿಗೆ 30 ಕೋಟಿ ಕಣಗಳಿವೆ ಎಂದಿಟ್ಟುಕೊಂಡರೆ ಕ್ಷೇತ್ರ ಸುಮಾರು 2 ಗೌಸ್. ಮೊದಲ ಕೆಲವು ನಿಮಿಷಗಳ ವೇಗವನ್ನು ಮಾತ್ರ ಈ ಲೆಕ್ಕಕ್ಕೆ ಹಾಕಬೇಡಿ, ಆಗ ಅದು ಆಘಾತ ತರಂಗವಾಗಿರಬಹುದು, ಉತ್ತರ ಹೆಚ್ಚಾಗಿ ಬರುತ್ತದೆ.

ಆಘಾತ ಹೌದೋ ಅಲ್ಲವೋ ಎಂದು ಹೇಳುವುದು ರೇಡಿಯೊ. ಭಾರತೀಯ ಖಭೌತ ಸಂಸ್ಥೆಯ ಗೌರಿಬಿದನೂರು ಆಂಟೆನಾಗಳು ಕೇಳುವುದು ಇಂಥ ಸದ್ದನ್ನೇ. ಟೈಪ್ 2 ಎಂಬ ರೇಡಿಯೊ ಸ್ಫೋಟದ ಸದ್ದು ಮೇಲಿನ ಆವರ್ತನದಿಂದ ಕೆಳಕ್ಕೆ ನಿಧಾನವಾಗಿ ಜಾರುತ್ತದೆ, ಏಕೆಂದರೆ ಆಘಾತ ವಿರಳವಾದ ಪ್ಲಾಸ್ಮಾದತ್ತ ಏರುತ್ತಿರುತ್ತದೆ. ಪ್ಲಾಸ್ಮಾ ವಿರಳವಾದಷ್ಟೂ ಆವರ್ತನ ಇಳಿಯುತ್ತದೆ: 80 ಮೆಗಾಹರ್ಟ್ಸ್ ಎಂದರೆ ಘನ ಸೆಂಟಿಮೀಟರಿಗೆ ಸುಮಾರು 8 ಕೋಟಿ ಎಲೆಕ್ಟ್ರಾನ್, 40 ಎಂದರೆ 2 ಕೋಟಿ. ಸಾಮಾನ್ಯವಾಗಿ ಎರಡು ಪಟ್ಟಿ ಜೊತೆಯಾಗಿ ಕಾಣುತ್ತವೆ, ಒಂದು ಮೂಲ, ಇನ್ನೊಂದು ಅದರ ಇಮ್ಮಡಿ. ಇಮ್ಮಡಿಯನ್ನೇ ಮೂಲವೆಂದು ಓದಿದರೆ ಸಾಂದ್ರತೆ ನಾಲ್ಕು ಪಟ್ಟು ತಪ್ಪುತ್ತದೆ, ಆಘಾತ ಇರುವುದಕ್ಕಿಂತ ತುಂಬ ಕೆಳಗೆ ಇದೆ ಎಂದಾಗಿಬಿಡುತ್ತದೆ.

ಆದಿತ್ಯ-ಎಲ್1ರಲ್ಲಿರುವ, ಇದೇ ಸಂಸ್ಥೆ ಕಟ್ಟಿದ ವೆಲ್ಕ್ ಉಪಕರಣ ಸೂರ್ಯಬಿಂಬವನ್ನು ಮರೆಮಾಡಿ, ಸೂರ್ಯನ ಕೇಂದ್ರದಿಂದ 1.05 ಸೌರ ತ್ರಿಜ್ಯದಿಂದಾಚೆ ನೋಡುತ್ತದೆ. ಬಿಂಬದ ಮೇಲೆ ಹರಡುವ ಅಲೆ ಅದಕ್ಕೆ ಕಾಣದು. ಆದರೆ ಅಂಚಿನಲ್ಲಿ ಎದ್ದದ್ದಾದರೆ, ಮರೆಯಾಗುವುದು ಬುಡದ 35,000 ಕಿ.ಮೀ. ಮಾತ್ರ. ಒಂದು ಲಕ್ಷ ಕಿ.ಮೀ. ಎತ್ತರದ ಅಲೆಯಲ್ಲಿ ಮೂರನೇ ಎರಡು ಪಾಲು ಆ ಮರೆಯ ಮೇಲೇ ಇರುತ್ತದೆ.