ಟೈಲರ್ ಯಾರು, ಹೆಲ್ಪರ್ ಯಾರು?

ಬೆಂಗಳೂರಿನ ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಟೈಲರ್ ಅಂದರೆ ಹೆಂಗಸು. ನಾನಿರುವ ತಮಿಳುನಾಡಿನ ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ಟೈಲರ್ ಅಂದರೆ ಬಹುಕಾಲ ಗಂಡಸೇ. ಹೊಲಿಗೆಯಂತೂ ಎರಡೂ ಕಡೆ ಹೊಲಿಗೆಯೇ. ಅದಕ್ಕೇ ‘ಇದು ಹೆಂಗಸರ ಕೈಗೆ ಒಗ್ಗುವ ಕೆಲಸ’ ಎಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ಕೂಲಿಯನ್ನು ಹೇಗೆ ಎಣಿಸುತ್ತಾರೆ, ಎಷ್ಟು ಹೊತ್ತಿಗೆ ಮನೆಗೆ ಬಿಡುತ್ತಾರೆ ಅನ್ನುವುದನ್ನು ನೋಡಿ.

ಇಲ್ಲಿ ಟೀ ಶರ್ಟಿನ ಭುಜ, ತೋಳು, ಪಕ್ಕದ ಹೊಲಿಗೆ ಓವರ್‌ಲಾಕ್ ಮಿಷನ್‌ನಲ್ಲಿ, ಅಂಚುಗಳು ಫ್ಲಾಟ್‌ಲಾಕ್ ಮಿಷನ್‌ನಲ್ಲಿ. ಪೀಸ್‌ಗೆ ಇಷ್ಟು ಎಂದು ಒಪ್ಪಿಕೊಂಡ ಕಾಂಟ್ರಾಕ್ಟರ್ ತನ್ನದೇ ಟೈಲರುಗಳನ್ನು ಕರೆತರುತ್ತಾನೆ. ಬೆಳಿಗ್ಗೆ 8:30ರಿಂದ ಸಂಜೆ 5:30 ಒಂದು ಶಿಫ್ಟ್. ರಾತ್ರಿ 8:30ರವರೆಗೆ ಕೂತರೆ ಒಂದೂವರೆ. ಸರಕು ಹಡಗು ಹತ್ತುವ ವಾರ ನಡುರಾತ್ರಿಯೂ ಆದೀತು. ಮನೆಗೆ ಹೋಗಿ ಒಲೆ ಹಚ್ಚಬೇಕಾದವಳು ಆ ಗುಂಪಿಗೆ ಸೇರುವುದು ಹೇಗೆ? ಅವಳ ಪಾಲಿಗೆ ಬಂದದ್ದು ಚೆಕಿಂಗ್, ನೂಲು ಕತ್ತರಿಸುವುದು, ಟೈಲರಿನ ಪಕ್ಕ ನಿಂತು ತುಂಡು ಜೋಡಿಸಿ ಮಡಿಸಿ ಕೊಡುವ ‘ಕೈಮಡಿ’, ಅಂದರೆ ಹೆಲ್ಪರ್ ಕೆಲಸ. ಸಂಘಗಳೂ ಮಾಲೀಕರೂ ಕೂತು ಮಾಡುವ ಕೂಲಿ ಒಪ್ಪಂದದಲ್ಲಿ ದರ ಕೆಲಸದ ಹೆಸರಿಗೆ: ಕಟಿಂಗ್, ಟೈಲರ್, ಐರನ್ ಮೇಲೆ, ಕೈಮಡಿ, ಚೆಕಿಂಗ್ ಕೆಳಗೆ. 1976ರ ಸಮಾನ ವೇತನ ಕಾಯ್ದೆ ಕೇಳುತ್ತಿದ್ದುದು, 2025ರಲ್ಲಿ ಅದರ ಜಾಗಕ್ಕೆ ಬಂದ ವೇತನ ಸಂಹಿತೆ ಕೇಳುವುದು, ಎರಡೂ ಒಂದೇ ಬಗೆಯ ಕೆಲಸಕ್ಕೆ ಸಮಾನ ಕೂಲಿ. ಕೆಲಸದ ಹೆಸರೇ ಬೇರೆಯಾದ ಮೇಲೆ ಕಾಯ್ದೆಗೆ ಹಿಡಿಯಲು ಏನು ಸಿಗುತ್ತದೆ?

ಬೆಂಗಳೂರಿನಲ್ಲಿ ಶರ್ಟನ್ನು ಹತ್ತಾರು ಆಪರೇಷನ್‌ಗಳಾಗಿ ಒಡೆದು ‘ಬ್ಯಾಚ್’ನಲ್ಲಿ, ಅಂದರೆ ಸಾಲು ಮಿಷನ್‌ಗಳಲ್ಲಿ, ಒಬ್ಬೊಬ್ಬರನ್ನು ಒಂದೊಂದಕ್ಕೆ ಕೂರಿಸಿದರು, ತಿಂಗಳ ಸಂಬಳ ಕೊಟ್ಟರು, ಸಂಜೆ ಬಿಟ್ಟರು. ಹೆಂಗಸರು ಬಂದರು. ಆದರೆ ಕಾಲರ್ ಹೊಲಿಯಲು ಕೂತವಳು ಹತ್ತು ವರ್ಷವಾದರೂ ಕಾಲರನ್ನೇ ಹೊಲಿಯುತ್ತಿರುತ್ತಾಳೆ. ಕತ್ತರಿಸಿದ ತುಂಡುಗಳ ಬಂಡಲ್ ಹೊತ್ತು ಬ್ಯಾಚಿಡೀ ಓಡಾಡುವ ಹುಡುಗನಿಗೆ ಮಾತ್ರ ಎಲ್ಲಿ ಪೀಸ್ ಗುಡ್ಡೆ ಬೀಳುತ್ತದೆ, ಯಾವ ಮಿಷನ್ ಖಾಲಿ ಕೂತಿದೆ ಎಂಬುದು ತಾನಾಗಿ ಗೊತ್ತಾಗುತ್ತದೆ. ಮುಂದೆ ಸೂಪರ್‌ವೈಸರ್ ಆಗುವವನೂ ಅವನೇ, ಗಂಟೆಗಂಟೆಗೂ ಟಾರ್ಗೆಟ್ ಕೇಳಿ ಅವಳ ಮೇಲೆ ಕೂಗುವವನೂ ಅವನೇ. ತಿರುಪ್ಪೂರಿನ ಟೈಲರ್ ಕಾಂಟ್ರಾಕ್ಟರಾಗುತ್ತಾನೆ, ಇಲ್ಲಿನ ಎಷ್ಟೋ ಮಾಲೀಕರು ಹಾಗೆಯೇ ಮೇಲೆ ಬಂದವರು. ಬೆಂಗಳೂರಿನ ಟೈಲರಮ್ಮನಿಗೆ ಆ ಏಣಿಯೇ ಇಲ್ಲ.

ಕಟಿಂಗ್ ಮಾತ್ರ ಎರಡೂ ಊರಲ್ಲಿ ಗಂಡಸರದು. ಕಾರಣ ಕೇಳಿದರೆ ‘ಬಲ ಬೇಕು’. ಪದರ ಪದರ ಬಟ್ಟೆ ಕೊಯ್ಯುವ ಆ ಮಿಷನ್‌ನ ಪೀಠದಡಿ ಉರುಳೆಗಳಿವೆ. ಕೊಯ್ಯುವಾಗ ತಳ್ಳುತ್ತಾರೆ, ಎತ್ತುವುದಿಲ್ಲ. ಗೆರೆ ತಪ್ಪದ ಕಣ್ಣು, ಕೈಗೆ ಉಕ್ಕಿನ ಜಾಲರಿಯ ಗ್ಲೌಸ್, ಇಷ್ಟಿದ್ದರೆ ಆಯಿತು. (ಜಲ್ಲಿ ತುಂಬಿದ ಬಾಂಡ್ಲಿಯನ್ನು ಹೆಂಗಸಿನ ತಲೆಗೆ ಏರಿಸುವಾಗ ಈ ಬಲದ ಮಾತು ಯಾರ ಬಾಯಲ್ಲೂ ಬರುವುದಿಲ್ಲ.)

ಬೆಂಗಳೂರಿನವರು ಮಾಡಬಹುದಾದದ್ದು ಇಷ್ಟು: ಆರಾರು ತಿಂಗಳಿಗೆ ಅವಳ ಮಿಷನ್ ಬದಲಿಸಿ, ಸಿಂಗಲ್ ನೀಡಲ್, ಓವರ್‌ಲಾಕ್, ಕಾಜಾ ಎಲ್ಲವೂ ಕೈಗೆ ಬರಲಿ, ಆಮೇಲೆ ದಿನಕ್ಕೊಂದು ಗಂಟೆ ಬಂಡಲ್ ಲೆಕ್ಕದ ಪುಸ್ತಕ ಅವಳ ಕೈಗೆ ಕೊಡಿ. ಮೊದಲ ವಾರ ಪ್ರೊಡಕ್ಷನ್ ಇಳಿಯುತ್ತದೆ. ಇಳಿದದ್ದನ್ನು ಅವಳ ಟಾರ್ಗೆಟ್‌ಗೆ ಸೇರಿಸಿದರೆ ಮರುದಿನವೇ ಅವಳು ಹಳೇ ಕಾಲರ್‌ಗೆ ವಾಪಸ್ ಹೋಗುತ್ತಾಳೆ.