ವ್ಯಾಕರಣಕ್ಕೆ ಬಲಿಯಾದ ಬಿಸಿಬೇಳೆಬಾತ್

ಕನ್ನಡದಲ್ಲಿ ಒಂದು ‘ರೆ’ ಹಚ್ಚಿದರೆ ಮುಗೀತು. ಮಳೆ ಬಂದರೆ, ಲಾಟರಿ ಹೊಡೆದರೆ, ನಾನು ಪ್ರಧಾನಿಯಾದರೆ. ಆಗುವ ಮಾತೋ ಹೋಗುವ ಮಾತೋ, ಕೇಳುವವರು ಲೆಕ್ಕ ಹಾಕಿಕೊಳ್ಳುತ್ತಾರೆ. ಪೋಲೆಂಡಿನವರಿಗೆ ಅಷ್ಟು ತಾಳ್ಮೆಯಿಲ್ಲ. ಆಗುವಂಥದ್ದಾದರೆ ‘ಯೆಶ್ಲಿ’ ಎಂದು ಶುರುಮಾಡಬೇಕು. ಬರೀ ಹಗಲುಗನಸಾದರೆ ‘ಗ್ದಿಬಿ’, ಅದರ ಬೆನ್ನಿಗೆ ಭೂತಕಾಲದ ವೇಷ ತೊಟ್ಟ ಕ್ರಿಯಾಪದ. ಬಾಯಿ ಬಿಡುವ ಮೊದಲೇ ತೀರ್ಮಾನ ಆಗಿರಬೇಕು.

ನಮ್ಮ ಯಜಮಾನರು ಅಂಥ ಗೋಜಿಗೆಲ್ಲ ಹೋಗುವವರಲ್ಲ. ಪೋಲೆಂಡಿನ ಊರಾದ ವ್ರೊತ್ಸ್ವಾಫ್‌ಗೆ ಬಂದ ಹೊಸದರಲ್ಲಿ ಕೆಳಮನೆಯ ಹಿರಿಯರನ್ನು ಶನಿವಾರದ ಊಟಕ್ಕೆ ಕರೆಯಲು ಹೋದರು. ‘ಗ್ದಿಬಿ’ಯಲ್ಲೇ ಗತ್ತು ಜಾಸ್ತಿ ಎಂದು ಅದನ್ನೇ ಬಳಸಿದರು. ಆ ಹಿರಿಯರ ಕಿವಿಗೆ ಬಿದ್ದದ್ದು: “ತಾವು ಶನಿವಾರ ಬಂದಿದ್ದರೆ ಬಿಸಿಬೇಳೆಬಾತ್ ಮಾಡುತ್ತಿದ್ದೆವು.” ಅವರು ಪಾಪ, ಮುಖ ಸಣ್ಣದು ಮಾಡಿಕೊಂಡು “ಶ್ಕೊದಾ” ಎಂದರಂತೆ. ಅಯ್ಯೋ, ತಪ್ಪಿಹೋಯ್ತಲ್ಲ ಅಂತ. ಇವರು ಮೆಟ್ಟಿಲು ಹತ್ತಿ ಬಂದವರೇ, “ಸ್ಕೋಡಾ ಕಾರು ತಗೊಂಡಿದ್ದಾರಂತೆ ಕಣೇ. ಶನಿವಾರ ಖಂಡಿತ ಬರ್ತಾರೆ” ಎಂದರು.

ಶನಿವಾರ ದೊಡ್ಡ ಕುಕ್ಕರ್ ಇಟ್ಟೆ. ಊರಿಂದ ತಂದ ಪುಡಿ, ಧಾರಾಳ ಗೋಡಂಬಿ, ಅತಿಥಿಯ ನಾಲಿಗೆಗೆ ಹೆದರಿ ಅರ್ಧ ಖಾರ. ಗಂಟೆ ಎರಡಾಯಿತು, ಮೂರಾಯಿತು. ಕಿಟಕಿಯಲ್ಲಿ ಇಣುಕಿದರೆ ಅವರು ನಾಯಿ ಹಿಡಿದುಕೊಂಡು ಪಾರ್ಕಿನತ್ತ ಹೊರಟಿದ್ದಾರೆ. ನನ್ನನ್ನು ಕಂಡು ಪ್ರೀತಿಯಿಂದ ಕೈಬೀಸಿದರು. ಸೋಮವಾರ ರಾತ್ರಿಯವರೆಗೂ ನಾವಿಬ್ಬರೂ ಅದನ್ನೇ, ಗಟ್ಟಿಯಾದಾಗಲೆಲ್ಲ ಬಿಸಿನೀರು ಬೆರೆಸಿ ತಿಂದೆವು.

ನನ್ನ ತಕರಾರು ಊಟದ್ದಲ್ಲ, ‘ಮಾಡುತ್ತಿದ್ದೆವು’ ಎಂಬುದರದ್ದು. ಪೋಲಿಷ್ ಭಾಷೆಯಲ್ಲಿ ಬರೀ ಹೆಂಗಸರು ಮಾಡುವುದಾದರೆ ಅದು ‘ಜ್ರೊಬಿವಿಬಿಶ್ಮಿ’. ಗುಂಪಿನಲ್ಲಿ ಒಬ್ಬನೇ ಒಬ್ಬ ಗಂಡಸಿದ್ದರೂ ‘ಜ್ರೊಬಿಲಿಬಿಶ್ಮಿ’. ಈರುಳ್ಳಿ ಹೆಚ್ಚಿದವಳು ನಾನು, ಒಗ್ಗರಣೆ ಹಾಕಿದವಳು ನಾನು. ಸೋಫಾದ ಮೇಲೆ ಮೊಬೈಲ್ ಹಿಡಿದು ಕೂತವರ ದೆಸೆಯಿಂದ ನನ್ನ ಕ್ರಿಯಾಪದಕ್ಕೆ ಮೀಸೆ!

ಕೊನೆಗೆ ‘ಯೆಶ್ಲಿ’ ಹಾಕಿ ಕರೆದಾಗ ಹಿರಿಯರು ಬಂದರು, ನಾಯಿಸಮೇತ. ಹಳೆಯ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕು, ಅವರ ಕಡೆಯ ಗಾದೆಯೊಂದನ್ನು ಒಗೆದರು: ಅಜ್ಜಿಗೆ ಮೀಸೆ ಇದ್ದಿದ್ದರೆ ಅಜ್ಜನಾಗುತ್ತಿದ್ದಳು. ನಮ್ಮಲ್ಲೂ ಇಂಥದ್ದಿದೆ, ಅತ್ತೆಗೆ ಮೀಸೆ ಬಂದರೆ ಮಾವ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಮೈಸೂರಿನಿಂದ ನಮ್ಮತ್ತೆಯ ವಿಡಿಯೋ ಕಾಲ್ ಬಂತು. ಹಪ್ಪಳ ಬಡಿಸಿದೆ.